ತಾನಾಗಿಯೇ ತೆರೆಯುವ ಬಾಗಿಲು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಇಬ್ಬರು ಮೂವರು ದಾಳಗಳನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೀರಿ. ಒಳ್ಳೆಯದು. ನನ್ನ ಮಾತು ಬೇಜಾರಾದರೆ ಉರುಳಿಸುತ್ತಾ ಕೂರಬಹುದು, ಸದ್ದು ಮಾತ್ರ ಕಡಿಮೆ ಇರಲಿ.

ಇವತ್ತಿನ ವಿಷಯ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಬರುವ ನೋಬಲ್ ಪಾತ್ರ. ಅಂದರೆ ಕೋಟೆಯಲ್ಲೋ ಅರಮನೆಯಲ್ಲೋ ಹುಟ್ಟಿ ಬೆಳೆದ, ಹೆಸರಿನ ಮುಂದೆ ಒಂದು ಬಿರುದು ಇರುವ, ದೊಡ್ಡ ಮನೆತನದ ಪಾತ್ರ. ಈ ಪಾತ್ರಕ್ಕೆ ಸ್ವಭಾವ ಎಲ್ಲಿಂದ ಬರುತ್ತದೆ ಅನ್ನುವುದರ ಬಗ್ಗೆ ಮಾತಾಡುತ್ತೇನೆ. ಆಟ ಆಡದವರು ಯಾರಾದರೂ ಬಂದಿದ್ದರೆ ಇಷ್ಟು ತಿಳಿದಿರಲಿ. ಕತೆಯ ಲೋಕವನ್ನು ಒಬ್ಬರು ನಡೆಸುತ್ತಾರೆ, ಅವರನ್ನು ಡಿಎಂ ಎಂದು ಕರೆಯುತ್ತೇವೆ. ಉಳಿದವರಿಗೆ ತಲಾ ಒಂದು ಪಾತ್ರ. ಪಾತ್ರ ಏನು ಮಾಡುತ್ತದೆ ಎಂದು ನಾವು ಬಾಯಲ್ಲಿ ಹೇಳುತ್ತೇವೆ. ಅದು ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ.

ಮೊದಲು ನಾನು ಕೆಡಿಸಿದ ಒಂದು ಪಾತ್ರದ ಕತೆ ಕೇಳಿ.

ನನ್ನ ಮೊದಲ ನೋಬಲ್ ಪಾತ್ರದ ಕ್ಯಾರೆಕ್ಟರ್ ಶೀಟಿನಲ್ಲಿ, ಅಂದರೆ ಪಾತ್ರದ ವಿವರ ಬರೆದಿಡುವ ಹಾಳೆಯಲ್ಲಿ, ಸ್ವಭಾವ ಎಂಬ ಜಾಗದಲ್ಲಿ ಒಂದೇ ಪದ ಬರೆದಿದ್ದೆ: ಅಹಂಕಾರಿ. ಮೊದಲ ದಿನದ ಆಟದಲ್ಲಿ ಛತ್ರದವನನ್ನು ಬೈದೆ. ಕಾವಲುಗಾರನನ್ನು ಬೈದೆ. ಕುದುರೆ ನೋಡಿಕೊಳ್ಳುವ ಹುಡುಗನನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು. ಎರಡನೇ ದಿನವೂ ಅದೇ ಮಾಡಿದೆ, ಸ್ವಲ್ಪ ನಕ್ಕರು. ಮೂರನೇ ದಿನ ಆಟ ಮುಗಿದ ಮೇಲೆ ಗೆಳೆಯನೊಬ್ಬ ತುಂಬಾ ವಿನಯದಿಂದ ಕೇಳಿದ, "ನಿನ್ನ ಪಾತ್ರ ಯಾವಾಗ ಸಾಯಬಹುದು, ಏನಾದರೂ ಅಂದಾಜಿದೆಯಾ?"

ಅವನ ತಪ್ಪೇನೂ ಇಲ್ಲ. ಅಹಂಕಾರಿ ಅನ್ನುವುದು ಒಂದು ಹಣೆಪಟ್ಟಿ. ಅದನ್ನು ಹಚ್ಚಿಕೊಂಡವನಿಗೆ ಆಟದಲ್ಲಿ ಮಾಡಲು ಏನೂ ಇರುವುದಿಲ್ಲ. ಬೈಯುವುದು, ಮೂಗು ಮುರಿಯುವುದು, ಮತ್ತೆ ಬೈಯುವುದು. ಅಷ್ಟೇ.

ಎರಡು ವರ್ಷ ಬಿಟ್ಟು ಇನ್ನೊಂದು ನೋಬಲ್ ಪಾತ್ರ ಮಾಡಿದೆ. ಒಬ್ಬ ಬ್ಯಾರನ್‌ನ ಎರಡನೇ ಮಗಳು. ಈ ಸಲ ಅಹಂಕಾರ ಗಿಹಂಕಾರ ಏನೂ ಬರೆಯಲಿಲ್ಲ. ಮೊದಲ ದಿನ ನಮ್ಮ ತಂಡ ಒಂದು ಹಳೆಯ ಗೋಪುರದ ಮುಂದೆ ಬಂದು ನಿಂತಿತು. ಡಿಎಂ ಹೇಳಿದರು, "ಬಾಗಿಲು ಮುಚ್ಚಿದೆ. ಮುಂದೆ ಇರುವುದು ನಿಮ್ಮ ಪಾತ್ರ. ಏನು ಮಾಡುತ್ತೀರಿ?"

"ನಿಂತುಕೊಳ್ಳುತ್ತೇನೆ" ಅಂದೆ.

"ಸುಮ್ನೆ ನಿಂತುಕೊಳ್ಳೋದಾ?"

"ಹೌದು. ತೆರೆಯುತ್ತದಲ್ಲ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಇಡೀ ಟೇಬಲ್ ಬಿದ್ದು ಬಿದ್ದು ನಕ್ಕಿತು. ಆ ಹುಡುಗಿ ಯಾರಿಗೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಅವಳಿಗೆ ಸೊಕ್ಕೂ ಇಲ್ಲ. ಇಪ್ಪತ್ತು ವರ್ಷ ಅವಳು ಯಾವ ಬಾಗಿಲ ಮುಂದೆ ನಿಂತರೂ ಅದು ತೆರೆದಿದೆ, ಅಷ್ಟೇ. ಬಾಗಿಲ ಪಕ್ಕದಲ್ಲಿ ಯಾವಾಗಲೂ ಒಬ್ಬ ಮನುಷ್ಯ ಇರುತ್ತಿದ್ದ ಎಂಬುದನ್ನು ಅವಳು ಗಮನಿಸಿಯೇ ಇರಲಿಲ್ಲ.

ಅವತ್ತಿನಿಂದ ನೋಬಲ್ ಪಾತ್ರ ಮಾಡುವವರಿಗೆಲ್ಲ ನಾನು ಕೇಳುವ ಪ್ರಶ್ನೆ ಇದು: ಇವರಿಗೆ ಜೀವನದಲ್ಲಿ ಯಾವುದನ್ನು ಕಲಿಯುವ ಅಗತ್ಯವೇ ಬಂದಿಲ್ಲ? ಉತ್ತರ ಸಿಕ್ಕಿದರೆ ಸ್ವಭಾವ ಅದರ ಹಿಂದೆಯೇ ಬರುತ್ತದೆ.

ಈಗ ಸ್ವಲ್ಪ ನಿಯಮದ ಪುಸ್ತಕಗಳ ಕಡೆ ಹೋಗೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿ 2014ರಲ್ಲಿ ಬಂತು. ಅದರಲ್ಲಿ ಪ್ರತಿ ಪಾತ್ರಕ್ಕೂ ಒಂದು ಬ್ಯಾಕ್‌ಗ್ರೌಂಡ್, ಅಂದರೆ ಹಿನ್ನೆಲೆ, ಇರುತ್ತದೆ, ಅವುಗಳಲ್ಲಿ ನೋಬಲ್ ಕೂಡ ಒಂದು. ಅದರ ಕೆಳಗೆ ಎಂಟು ಸ್ವಭಾವಗಳ ಪಟ್ಟಿ, ಆರು ಆದರ್ಶ, ಆರು ನಂಟು, ಆರು ದೋಷ. ಬೇಕಾದ್ದನ್ನು ಆರಿಸಿಕೊಳ್ಳಬಹುದು, ಇಲ್ಲವೇ ದಾಳ ಉರುಳಿಸಬಹುದು. ಎದುರಿಗಿರುವವರನ್ನು ಹೊಗಳಿ ಹೊಗಳಿ ಆಕಾಶಕ್ಕೆ ಏರಿಸುವವನು ಇದ್ದಾನೆ. ಬಡಬಗ್ಗರಿಗೆ ಕೈಯೆತ್ತಿ ಕೊಟ್ಟು ಹೆಸರು ಮಾಡಿದವಳು ಇದ್ದಾಳೆ. ಒಮ್ಮೆ ಮನಸ್ಸು ಮುರಿದರೆ ಮತ್ತೆ ಎಂದೂ ಕೂಡದವನು, ಯಾವಾಗಲೂ ಹೊಸ ಮಾದರಿಯ ಬಟ್ಟೆಯಲ್ಲೇ ಇರುವವಳು, ಕೈಗೆ ಕೊಳೆ ಆಗುವುದನ್ನು ಸಹಿಸದವನು, ನಮ್ಮೆಲ್ಲರ ರಕ್ತವೂ ಒಂದೇ ಎಂದು ನಂಬಿದವಳು. ಪಟ್ಟಿ ಚೆನ್ನಾಗಿಯೇ ಇದೆ.

ಆದರೆ ನನಗೆ ಆ ಪಟ್ಟಿಗಿಂತ ಅದರ ಪಕ್ಕದಲ್ಲಿರುವ ಸಾಮಾನುಗಳ ಪಟ್ಟಿ ಜಾಸ್ತಿ ಇಷ್ಟ. ನೋಬಲ್ ಪಾತ್ರಕ್ಕೆ ಸಿಗುವುದು ಒಂದು ಜೊತೆ ಒಳ್ಳೆಯ ಬಟ್ಟೆ, ಒಂದು ಮುದ್ರೆಯ ಉಂಗುರ, ವಂಶಾವಳಿ ಬರೆದ ಒಂದು ಸುರುಳಿ, ಮತ್ತು 25 ಚಿನ್ನದ ನಾಣ್ಯ ಇರುವ ಚೀಲ.

ಆ ಸುರುಳಿಯನ್ನು ಸ್ವಲ್ಪ ನೋಡಿ. ತನ್ನ ಕೋಟೆಯಲ್ಲೇ ಇರುವವನಿಗೆ ವಂಶಾವಳಿ ಹೊತ್ತುಕೊಂಡು ತಿರುಗುವ ಅಗತ್ಯ ಇಲ್ಲ, ಅಲ್ವಾ? ಅಲ್ಲಿ ನಾಯಿಗೂ ಅವನು ಯಾರೆಂದು ಗೊತ್ತು. ಅಂದಮೇಲೆ ಈ ಮನುಷ್ಯ ತನ್ನನ್ನು ಯಾರೂ ಗುರುತಿಸದ ಕಡೆಗೆ ಹೊರಟಿದ್ದಾನೆ. ಅದು ಅವನಿಗೂ ಗೊತ್ತಿದೆ, ಅದಕ್ಕೇ ಸುರುಳಿಯನ್ನು ಚೀಲಕ್ಕೆ ತುರುಕಿಕೊಂಡಿದ್ದಾನೆ. ಅಥವಾ ಅವನ ತಾಯಿ ತುರುಕಿದ್ದಾಳೆ. ಯಾರು ಇಟ್ಟರು ಎಂದು ತೀರ್ಮಾನಿಸಿದರೆ ಸಾಕು, ಅರ್ಧ ಪಾತ್ರ ಸಿದ್ಧ. ತಾನೇ ಇಟ್ಟುಕೊಂಡಿದ್ದರೆ ಒಳಗೆಲ್ಲೋ ಅಳುಕು ಇದೆ. ತಾಯಿ ಇಟ್ಟಿದ್ದರೆ ಅವನು ಅದನ್ನು ಇನ್ನೂ ಬಿಚ್ಚಿ ನೋಡಿಲ್ಲ, ತನ್ನ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುತ್ತಾನೆ.

25 ನಾಣ್ಯವೂ ಸುಮ್ಮನೆ ಬಂದದ್ದಲ್ಲ. ಅದೇ ಪುಸ್ತಕದಲ್ಲಿ ಮೈತುಂಬ ಮುಚ್ಚುವ ಪ್ಲೇಟ್ ಕವಚದ ಬೆಲೆ 1,500 ಚಿನ್ನದ ನಾಣ್ಯ. ಅಂದರೆ ಮನೆಯವರು ಮಗನಿಗೆ ಉಂಗುರ ಕೊಟ್ಟರು, ಕಾಗದ ಕೊಟ್ಟರು, ದುಡ್ಡು ಕೊಡಲಿಲ್ಲ. ಯಾಕೆ? ಮನೆಯಲ್ಲಿ ದುಡ್ಡೇ ಇಲ್ಲವೋ, ಇವನ ಕೈಗೆ ಕೊಡುವ ಧೈರ್ಯ ಇಲ್ಲವೋ? ಎರಡಕ್ಕೂ ಬೇರೆ ಬೇರೆ ಸ್ವಭಾವ ಹುಟ್ಟುತ್ತದೆ.

ಇನ್ನೂ ಒಂದು ವಿಷಯ ಅದೇ ಪುಟಗಳಲ್ಲಿದೆ, ಬಹಳ ಜನ ಓದದೇ ಬಿಡುತ್ತಾರೆ. ನೋಬಲ್ ಪಾತ್ರ ಬೇಕಾದರೆ ಮೂವರು ಆಳುಗಳನ್ನು ಜೊತೆಗಿಟ್ಟುಕೊಳ್ಳಬಹುದು. ಅವರು ಮನೆತನಕ್ಕೆ ನಿಷ್ಠರು, ದಿನದ ಕೆಲಸ ಎಲ್ಲ ಮಾಡುತ್ತಾರೆ. ಆದರೆ ನಿಮಗಾಗಿ ಕಾದಾಡುವುದಿಲ್ಲ. ಕಣ್ಣಿಗೆ ಕಾಣುವ ಅಪಾಯದ ಜಾಗಕ್ಕೆ ಕಾಲಿಡುವುದಿಲ್ಲ. ಪದೇ ಪದೇ ಅಪಾಯಕ್ಕೆ ನೂಕಿದರೆ, ಕೆಟ್ಟದಾಗಿ ನಡೆಸಿಕೊಂಡರೆ ಬಿಟ್ಟು ಹೋಗುತ್ತಾರೆ.

ಈಗ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ನೆಲಮಾಳಿಗೆಯ ಬಾಯಿ. ಕತ್ತಲು. ಆಳುಗಳು ಅಲ್ಲೇ ನಿಂತರು. ಒಬ್ಬ ಪಂಜು ಚಾಚಿದ, ಇವನು ತೆಗೆದುಕೊಂಡ. ಹುಟ್ಟಿದಾಗಿನಿಂದ ಮೊದಲ ಸಲ ತನ್ನ ಬೆಳಕನ್ನು ತಾನೇ ಹಿಡಿದಿದ್ದಾನೆ. ಎಷ್ಟು ದೂರ ಹಿಡಿಯಬೇಕೆಂದು ಗೊತ್ತಿಲ್ಲ, ಕಣ್ಣಿಗೇ ಹೊಗೆ ಹೊಡೆಯುತ್ತಿದೆ. ನೋಬಲ್ ಪಾತ್ರದ ಕತೆ ಶುರುವಾಗುವುದು ಆ ಮೆಟ್ಟಿಲ ಮೇಲೆ ಎಂದು ನನ್ನ ಅನಿಸಿಕೆ. ಅದಕ್ಕೆ ಮುಂಚಿನದೆಲ್ಲ ವಂಶಾವಳಿ.

ಕೈಗೆ ಕೊಳೆ ಆಗಬಾರದು ಎಂಬ ಸ್ವಭಾವಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಜಾಸ್ತಿ ಜನ ಆರಿಸಿಕೊಳ್ಳುವುದೂ ಅದನ್ನೇ, ಕೆಡಿಸುವುದೂ ಅದನ್ನೇ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವಲ್ಲ, ಇವನದು ಕೈ ಒಮ್ಮೆಯೂ ಕೆಸರಾಗದೆ ಬಾಯಿ ತುಂಬ ಮೊಸರು ಕಂಡ ಬದುಕು. ಮೊಸರು ಕೆಸರಿನಿಂದ ಬರುತ್ತದೆ ಎಂಬುದೇ ಇವನಿಗೆ ಸುದ್ದಿ. ಇದನ್ನು ಕೆಟ್ಟದಾಗಿ ಆಡುವುದು ಹೇಗೆ? ಪ್ರತಿಯೊಂದಕ್ಕೂ "ನಾನು ಮಾಡುವುದಿಲ್ಲ" ಎನ್ನುವುದು. ಸೌದೆ ತರುವುದಿಲ್ಲ, ಚರಂಡಿಗೆ ಇಳಿಯುವುದಿಲ್ಲ. ಉಳಿದ ನಾಲ್ವರು ಇಳಿದು ಮುಂದೆ ಹೋಗುತ್ತಾರೆ, ನೀವು ಒಂದು ಗಂಟೆ ಫೋನ್ ನೋಡುತ್ತಾ ಕೂರುತ್ತೀರಿ.

ಚೆನ್ನಾಗಿ ಆಡುವವರು "ಮಾಡುತ್ತೇನೆ" ಅನ್ನುತ್ತಾರೆ. ಮಾಡುವ ರೀತಿಯಲ್ಲಿ ಎಲ್ಲ ಗೊತ್ತಾಗುತ್ತದೆ. ಸೌದೆ ತಾ ಅಂದರೆ ಹಸಿ ಕೊಂಬೆ ತರುತ್ತಾನೆ. ನೀರು ತಾ ಅಂದರೆ ಪಾತ್ರೆ ಮರೆತು ಹೊಳೆಯವರೆಗೆ ಹೋಗಿ ಬರುತ್ತಾನೆ. ಸಂತೆಯಲ್ಲಿ ಹೇಳಿದಷ್ಟು ಬೆಲೆ ಕೊಟ್ಟು ಬರುತ್ತಾನೆ, ಚೌಕಾಶಿ ಎಂಬುದು ಇದೆ ಎಂದು ಅವನಿಗೆ ಯಾರೂ ಹೇಳಿಲ್ಲ. ಕವಚದ ಬೆನ್ನ ಹಿಂದಿನ ಪಟ್ಟಿ ಕಟ್ಟಲು ಬರುವುದಿಲ್ಲ. ನಿಯಮದ ಪ್ರಕಾರ ಭಾರದ ಕವಚ ತೊಡಲು 10 ನಿಮಿಷ ಬೇಕು, ಬಿಚ್ಚಲು 5 ನಿಮಿಷ, ಯಾರಾದರೂ ಸಹಾಯ ಮಾಡಿದರೆ ಬಿಚ್ಚುವುದು ಅರ್ಧ ಹೊತ್ತಿನಲ್ಲಿ ಆಗುತ್ತದೆ. ನಾನು ಆಡಿದ ಒಂದು ಆಟದಲ್ಲಿ ಇಬ್ಬರ ಸ್ನೇಹ ಬೆಳೆದದ್ದೇ ಆ ಪಟ್ಟಿಗಳಿಂದ. ದಿನಾ ರಾತ್ರಿ ಒಬ್ಬ ಕಳ್ಳ ಒಬ್ಬ ಡ್ಯೂಕ್‌ನ ಮಗನ ಕವಚ ಬಿಚ್ಚುತ್ತಿದ್ದ. ಮೊದಮೊದಲು ಗೊಣಗುತ್ತಾ, ಆಮೇಲೆ ಮಾತಾಡುತ್ತಾ. ಡ್ಯೂಕ್‌ನ ಮಗ ತನ್ನ ಅಣ್ಣನ ಬಗ್ಗೆ ಯಾರಿಗೂ ಹೇಳದ ವಿಷಯ ಹೇಳಿದ್ದು ಬೆನ್ನು ತಿರುಗಿಸಿ ಕೂತಿದ್ದಾಗ.

ಕಲಿಯದೇ ಬಿಟ್ಟದ್ದರ ಬಗ್ಗೆ ಇಷ್ಟು ಹೇಳಿದೆ. ಕಲಿತದ್ದೂ ಇದೆ. ನೋಬಲ್ ಬ್ಯಾಕ್‌ಗ್ರೌಂಡ್ ಕೊಡುವ ಎರಡು ಕೌಶಲ ಇತಿಹಾಸ ಮತ್ತು ಮಾತಿನಿಂದ ಒಲಿಸುವುದು. ಜೊತೆಗೆ ಇಸ್ಪೀಟು, ದಾಳ ಅಥವಾ ಚದುರಂಗದಂಥ ಒಂದು ಆಟದಲ್ಲಿ ಪಳಗಿದ ಕೈ, ಒಂದು ಹೆಚ್ಚಿನ ಭಾಷೆ. ಅಂದರೆ ಯಾವ ಮನೆತನಕ್ಕೆ ಯಾವ ಮನೆತನ ಆಗಿಬರುವುದಿಲ್ಲ ಎಂದು ಗೊತ್ತಿರುವ, ಅಪ್ಪನ ಶತ್ರುವಿನ ಎದುರು ಕೂತು ಇಸ್ಪೀಟಾಡುತ್ತಾ ಅವನ ಮಗಳ ಆರೋಗ್ಯ ವಿಚಾರಿಸಬಲ್ಲ ಮನುಷ್ಯ. ಸಿಟ್ಟು ಬಂದಾಗ ನಾವು ದನಿ ಏರಿಸುತ್ತೇವೆ. ಇವರಿಗೆ ಚಿಕ್ಕಂದಿನಿಂದ ದನಿ ಇಳಿಸಲು ಕಲಿಸಿರುತ್ತಾರೆ. ಇದನ್ನು ಟೇಬಲ್ ಮೇಲೆ ಒಮ್ಮೆ ಮಾಡಿ ನೋಡಿ. ನಿಮ್ಮ ಪಾತ್ರ ಮೆಲ್ಲಗೆ ಮಾತಾಡಲು ಶುರು ಮಾಡಿದರೆ ಎಲ್ಲರೂ ಹುಷಾರಾಗುತ್ತಾರೆ.

ಪಟ್ಟಿಯಲ್ಲಿ ಸೇಡಿನ ಸ್ವಭಾವ ಒಂದಿದೆ. ಕೆಣಕಿದವರನ್ನು ಹೊಲದ ಸಮೇತ ಹಾಳು ಮಾಡುವವನು. ಇದನ್ನು ಆರಿಸಿದವರು ಸಾಮಾನ್ಯವಾಗಿ ಕೂಗಾಡುತ್ತಾರೆ. ನನಗೆ ತಿಳಿದ ಒಬ್ಬ ಆಟಗಾರ್ತಿ ಹಾಗೆ ಮಾಡಲಿಲ್ಲ. ಯಾರಾದರೂ ಅವಳ ಪಾತ್ರಕ್ಕೆ ಅವಮಾನ ಮಾಡಿದರೆ ನಕ್ಕು, ಒಂದು ಪುಟ್ಟ ಪುಸ್ತಕ ತೆಗೆದು, ನಿಜವಾಗಿಯೂ ಟೇಬಲ್ ಮೇಲೆ, ಏನೋ ಬರೆದುಕೊಳ್ಳುತ್ತಿದ್ದಳು. ಏನು ಬರೆದಳು ಎಂದು ತೋರಿಸುತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ನಮ್ಮ ಡಿಎಂ ಹೊಸ ಖಳನನ್ನು ತರುವ ಮುಂಚೆ ಆ ಪುಸ್ತಕ ಒಮ್ಮೆ ಕೊಡ್ತೀಯಾ ಎಂದು ಬೇಡಿಕೊಂಡರು.

ಸ್ವಭಾವವನ್ನು ಆಟದ ಲೆಕ್ಕಕ್ಕೆ ತರುವ ಪ್ರಯತ್ನ ಹಳೆಯದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೊದಲು ಬಂದದ್ದು 1974ರಲ್ಲಿ. 1977ರಲ್ಲಿ ಟ್ರಾವೆಲರ್ ಎಂಬ ಅಂತರಿಕ್ಷದ ಆಟ ಬಂತು. ಅದರಲ್ಲಿ ಎರಡು ದಾಳ ಉರುಳಿಸಿ ಸಮಾಜದಲ್ಲಿ ನಿಮ್ಮ ಸ್ಥಾನ ಎಷ್ಟು ಎಂದು ನೋಡುತ್ತಾರೆ. 11 ಬಿದ್ದರೆ ನೈಟ್, 12 ಬಿದ್ದರೆ ಬ್ಯಾರನ್. 36 ಸಲಕ್ಕೆ 3 ಸಲ ಸಿಗಬಹುದಾದ ಭಾಗ್ಯ. ಹುಟ್ಟು ಲಾಟರಿ ಎಂಬುದನ್ನು ಇಷ್ಟು ಚೊಕ್ಕವಾಗಿ ಬೇರೆ ಯಾರೂ ತೋರಿಸಿಲ್ಲ. ಆದರೆ ಬ್ಯಾರನ್ ಆದವನ ಸ್ವಭಾವದ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ.

ಸ್ವಭಾವದ ಬಗ್ಗೆ ಹೇಳಿದ್ದು ಪೆಂಡ್ರಾಗನ್. 1985ರಲ್ಲಿ ಗ್ರೆಗ್ ಸ್ಟಾಫರ್ಡ್ ಮಾಡಿದ, ಆರ್ಥರ್ ರಾಜನ ಕಾಲದ ಆಟ. ಇದರಲ್ಲಿ ಆಟಗಾರರೆಲ್ಲ ನೈಟ್‌ಗಳು. ನೋಬಲ್ ಆಗಿರುವುದು ಯಾರಿಗೂ ವಿಶೇಷ ಅಲ್ಲ. ಹಾಗಾದರೆ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಎಲ್ಲಿ? ಸ್ವಭಾವದಲ್ಲಿ. ಹದಿಮೂರು ಜೋಡಿ ಗುಣಗಳಿವೆ. ಕ್ಷಮೆ ಮತ್ತು ಸೇಡು, ದಾನ ಮತ್ತು ಸ್ವಾರ್ಥ, ವಿನಯ ಮತ್ತು ಗರ್ವ, ದಯೆ ಮತ್ತು ಕ್ರೌರ್ಯ, ಧೈರ್ಯ ಮತ್ತು ಪುಕ್ಕಲುತನ, ಹೀಗೆ. ಒಂದು ಜೋಡಿಯ ಎರಡು ಅಂಕಿ ಸೇರಿದರೆ ಯಾವಾಗಲೂ 20. ದಯೆ 14 ಇದ್ದರೆ ಕ್ರೌರ್ಯ 6. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಇಪ್ಪತ್ತು ಮುಖದ ದಾಳ ಉರುಳಿಸಿ ನಿಮ್ಮ ಅಂಕಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ನೈಟ್ ಹಾಗೆಯೇ ನಡೆದುಕೊಳ್ಳುತ್ತಾನೆ. ಅಂಕಿ 16 ಮುಟ್ಟಿದರೆ ಊರೆಲ್ಲ ಆ ಗುಣಕ್ಕೇ ಅವನನ್ನು ಗುರುತಿಸುತ್ತದೆ.

ಕೆಲವರಿಗೆ ಇದು ಸಿಟ್ಟು ತರಿಸುತ್ತದೆ. ನನ್ನ ಪಾತ್ರ ಶತ್ರುವನ್ನು ಬಿಡಬೇಕೋ ಕೊಲ್ಲಬೇಕೋ ಎಂದು ದಾಳ ಹೇಳಬೇಕಾ ಎನ್ನುತ್ತಾರೆ. ಬೇರೆ ಪಾತ್ರಗಳಿಗೆ ನಾನೂ ಹಾಗೇ ಕೇಳುತ್ತಿದ್ದೆ. ನೋಬಲ್‌ಗೆ ಮಾತ್ರ ಈ ನಿಯಮ ಸರಿ ಎಂದು ತೋರುತ್ತದೆ. ಐದು ವರ್ಷದ ಮಗುವಿಗೇ ನೀನು ಹೀಗೆ ನಿಲ್ಲಬೇಕು, ಹೀಗೆ ನಗಬೇಕು, ಇಂಥವರ ಮುಂದೆ ಅಳಬಾರದು ಎಂದು ಕಲಿಸಿ ಬೆಳೆಸಿದ ಮೇಲೆ, ಎಷ್ಟೋ ಸಲ ಮೈ ಮೊದಲು ನಡೆದುಕೊಳ್ಳುತ್ತದೆ, ಮನಸ್ಸು ಆಮೇಲೆ ಬಂದು ನೋಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಮಾತ್ರ ಆ ಆಟ ಒಪ್ಪುವುದಿಲ್ಲ. ಪ್ರತಿ ವರ್ಷದ ಚಳಿಗಾಲದಲ್ಲಿ ಲೆಕ್ಕ ಹಾಕಿ, ನೀವು ಎದ್ದು ಕಾಣುವಂತೆ ನಡೆದುಕೊಂಡ ಗುಣಕ್ಕೆ ದಾಳ ಉರುಳಿಸುತ್ತಾರೆ, ಅಂಕಿ ಒಂದೊಂದಾಗಿ ಸರಿಯುತ್ತದೆ. ಕ್ರೂರಿ ನಿಧಾನಕ್ಕೆ ದಯಾಳು ಆಗಬಹುದು. ಆಗುವಷ್ಟರಲ್ಲಿ ಮುದುಕನೂ ಆಗಿರುತ್ತಾನೆ, ಮಗನ ಪಾತ್ರ ಆಡಲು ಹೊತ್ತಾಗಿರುತ್ತದೆ. ಅದು ಬೇರೆ ಮಾತು.

2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಸ್ವಭಾವಕ್ಕೆ ತಕ್ಕಂತೆ ಆಡಿದರೆ ಡಿಎಂ ಇನ್‌ಸ್ಪಿರೇಶನ್ ಕೊಡಬಹುದು, ಅದನ್ನು ಬಳಸಿ ದಾಳ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 2024ರ ಹೊಸ ಪುಸ್ತಕದಲ್ಲಿ ನೋಬಲ್ ಪಕ್ಕದ ಸ್ವಭಾವದ ಪಟ್ಟಿಯೇ ಇಲ್ಲ. ಬಹಳ ಜನ ಬೇಸರ ಮಾಡಿಕೊಂಡರು. ನಾನು ಸಾಮಾನುಗಳ ಪಟ್ಟಿ ನೋಡಿದೆ. ಒಳ್ಳೆಯ ಬಟ್ಟೆ, ಆಟದ ಸಾಮಾನು, 29 ಚಿನ್ನದ ನಾಣ್ಯ, ಮತ್ತು ಒಂದು ಸೀಸೆ ಸುಗಂಧ. ರಾಕ್ಷಸರ ಗುಹೆಗೆ ಸುಗಂಧ ಹಚ್ಚಿಕೊಂಡು ಹೊರಟಿದ್ದಾನೆ! ಇನ್ನು ಪಟ್ಟಿ ಯಾಕೆ ಬೇಕು?

ಎರಡು ಗುಣ ಜೋಡಿಸುವ ಬಗ್ಗೆ ಒಂದು ಮಾತು. ಎಲ್ಲರ ರಕ್ತವೂ ಒಂದೇ ಎಂಬ ಸ್ವಭಾವವನ್ನೂ, ಒಳಗೊಳಗೆ ಎಲ್ಲರೂ ತನಗಿಂತ ಕೆಳಗೆ ಎಂಬ ದೋಷವನ್ನೂ ಒಬ್ಬರಿಗೇ ಕೊಡಿ. ಹೊರಗೆ ಥಳಕು ಒಳಗೆ ಹುಳುಕು ಎಂದು ಬಿಡುವುದು ಸುಲಭ. ಆದರೆ ಆ ಬ್ಯಾರನ್ ಮಗಳನ್ನು ನೆನಪಿಸಿಕೊಳ್ಳಿ. ಅವಳು ಸಮಾನತೆಯ ಬಗ್ಗೆ ಸುಳ್ಳು ಹೇಳುತ್ತಿಲ್ಲ, ನಿಜವಾಗಿ ನಂಬಿದ್ದಾಳೆ. ಅದನ್ನೇ ಹೇಳುತ್ತಾ, ನೋಡದೆಯೇ, ಖಾಲಿ ಲೋಟವನ್ನು ಪಕ್ಕದವನ ಕೈಗೆ ಕೊಡುತ್ತಾಳೆ. ನಂಬಿಕೆ ಬಾಯಲ್ಲಿದೆ, ಅಭ್ಯಾಸ ಕೈಯಲ್ಲಿದೆ. ಇಂಥವಳನ್ನು ಪ್ರೀತಿಸಲೂಬಹುದು, ಬೈಯಲೂಬಹುದು.

ಟೇಬಲ್ ಸುತ್ತ ಕೂತಿರುವ ನಿಜವಾದ ಮನುಷ್ಯರನ್ನು ಮರೆಯಬಾರದು. ನೋಬಲ್ ಪಾತ್ರ ಆಡುವವರಿಗೆ ಅಪ್ಪಣೆ ಕೊಡುವ ಚಟ ಬೇಗ ಅಂಟುತ್ತದೆ. "ದಿನವಿಡೀ ಆಫೀಸಿನಲ್ಲಿ ಹೇಳಿಸಿಕೊಂಡು ಬಂದಿರುತ್ತೇನೆ, ಇಲ್ಲೂ ಯಾಕಪ್ಪಾ" ಎಂದು ಒಬ್ಬರು ನನಗೇ ಹೇಳಿದ್ದಾರೆ. ಅವತ್ತಿನಿಂದ ನನ್ನದೊಂದು ಕಟ್ಟಳೆ: ಅಪ್ಪಣೆಗಳೆಲ್ಲ ಡಿಎಂ ಆಡಿಸುವ ಪಾತ್ರಗಳಿಗೆ, ಜೊತೆಯ ಆಟಗಾರರ ಪಾತ್ರಗಳಿಗೆ ಕೋರಿಕೆ ಮಾತ್ರ. ನಿಮ್ಮ ಪಾತ್ರಕ್ಕೆ ಅಪ್ಪಣೆ ಕೊಡಲೇಬೇಕು ಅನ್ನಿಸಿದರೆ, ಜೊತೆಯವರು ಅದನ್ನು ಕೇಳದೇ ಹೋಗುವ ಸೊಗಸನ್ನೂ ಅನುಭವಿಸಲು ಸಿದ್ಧರಿರಿ.

ಡಿಎಂಗಳಿಗೆ ಒಂದೇ ಕೋರಿಕೆ. ದಯವಿಟ್ಟು ಮೊದಲ ದಿನವೇ ಅವರ ಕೋಟೆಗೆ ಬೆಂಕಿ ಹಚ್ಚಬೇಡಿ. ಸತ್ತ ಮನೆತನದಿಂದ ಸೇಡು ಒಂದೇ ಹುಟ್ಟುತ್ತದೆ. ಬದುಕಿರುವ ತಾಯಿ ತಿಂಗಳಿಗೊಂದು ಕಾಗದ ಬರೆಯುತ್ತಾಳೆ. ನಿನ್ನ ತಮ್ಮನ ಮದುವೆ ಆ ಮನೆಯಲ್ಲಿ ನಿಶ್ಚಯ ಆಗಿದೆ, ನೀನು ಕಳೆದ ವಾರ ಸುಟ್ಟ ಹಡಗು ಅವರದೇ ಅಂತೆ, ಹೌದಾ?

ಇಲ್ಲಿ ಒಬ್ಬರು ಕೈ ಎತ್ತಿದರು. ದುಡ್ಡು ಕೊಟ್ಟು ಬಿರುದು ಕೊಂಡುಕೊಂಡ ಪಾತ್ರ ಆದರೆ ಹೇಗೆ, ಅವನಿಗೆ ಎಲ್ಲ ಕೆಲಸವೂ ಬರುತ್ತದಲ್ಲ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ಅವನನ್ನು ಬರೀ ನಗೆಪಾಟಲು ಮಾಡಿಬಿಡುತ್ತಾರೆ. ನಾನಾದರೆ ಅವನನ್ನು ಅದೇ ಗೋಪುರದ ಬಾಗಿಲ ಮುಂದೆ ನಿಲ್ಲಿಸುತ್ತೇನೆ. ಅವನ ಕೈ ತಾನಾಗಿಯೇ ಚಿಲಕದ ಕಡೆ ಹೋಗುತ್ತದೆ. ಅರ್ಧ ದಾರಿಯಲ್ಲಿ ನೆನಪಾಗುತ್ತದೆ. ಕೈ ಹಿಂದಕ್ಕೆ ತೆಗೆದು, ಯಾರಾದರೂ ನೋಡಿದರಾ ಎಂದು ಸುತ್ತ ನೋಡಿ, ಕಾಯುತ್ತಾ ನಿಲ್ಲುತ್ತಾನೆ.

ಆ ಬ್ಯಾರನ್ ಮಗಳ ಕತೆ ಆಮೇಲೆ ಏನಾಯಿತು ಎಂದೂ ಅವರೇ ಕೇಳಿದರು. ಒಂದೂವರೆ ವರ್ಷ ಆಡಿದೆವು. ಕೊನೆಯ ದಿನ ನಮ್ಮ ಹಿಂದೆ ಬೆಂಕಿ, ಮುಂದೆ ಒಂದು ಬಾಗಿಲು. ನಾನು ಯಾರಿಗೂ ಕಾಯದೆ ಹೇಳಿದೆ, "ಓಡಿ ಹೋಗಿ ಬಾಗಿಲು ತೆರೆಯುತ್ತೇನೆ." ಟೇಬಲ್ ಸುತ್ತ ಚಪ್ಪಾಳೆ. ಡಿಎಂ ದಾಳದ ಕಡೆ ಬೆರಳು ತೋರಿಸಿದರು. ಉರುಳಿಸಿದೆ. ದೊಡ್ಡ ಅಂಕಿ ಬೇಕಿತ್ತು, 2 ಬಿತ್ತು.

ಡಿಎಂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ನೀವು ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ತಳ್ಳುತ್ತಿದ್ದೀರಿ. ಅದು ಎಳೆಯುವ ಬಾಗಿಲು."